ಕೆ.ಆರ್. ನಗರ, ಇಂಗ್ಲೆಂಡ್ ಮಾರ್ಗವಾಗಿ

ಹಾರನಹಳ್ಳಿಯ ಚನ್ನಬಸವಣ್ಣನವರ ಹಿಟ್ಟಿನ ಮಿಲ್ಲು ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಯಾರೂ ಅಲ್ಲಿಯವರೆಗೆ ಹೋಗಬೇಕಿರಲಿಲ್ಲ. ಇಂಜಿನ್ನಿನ 'ಕೂ ಕೂ' ಊರಾಚೆಯ ಹೊಗೆಸೊಪ್ಪಿನ ಹೊಲಗಳಿಗೂ ಕೇಳುತ್ತಿತ್ತು. ಕೊಡಗಿನ ತೋಟವೊಂದರ ಹರಾಜಿನಲ್ಲಿ ಅವರ ತಂದೆ ಹಿಡಿದು ತಂದ ಇಂಗ್ಲೆಂಡಿನ ಡೀಸೆಲ್ ಇಂಜಿನ್ ಅದು. 2002ರಲ್ಲಿ, ಸುಗ್ಗಿ ಮುಗಿದ ಹೊತ್ತಿಗೆ, ಅದರ ಹೊಟ್ಟೆಯೊಳಗಿನ ಒಂದು ಗೇರು ಹಲ್ಲುದುರಿಸಿಕೊಂಡು ಕೂತಿತು. ಮೈಸೂರಿನ ಲೇತ್ ಅಂಗಡಿಯವರು ಇದು ನಮ್ಮಿಂದಾಗದೆಂದು ಕೈ ಮುಗಿದರು. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಕರೆಂಟಿನ ಮಿಲ್ಲು ಶುರುವಾಗಿ ಊರಿನ ರಾಗಿ ಡಬ್ಬಗಳೆಲ್ಲ ಆ ಕಡೆ ತಿರುಗಿದವು. ಕೊನೆಗೆ ಅವರ ಹೆಂಡತಿ ಮಂಗಳಗೌರಮ್ಮನೂ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಗೇ ಹೋಗಿ ಬಂದರು. ಆ ದಿನ ಚನ್ನಬಸವಣ್ಣ ಮುದ್ದೆ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಮನೆ ಜಗಲಿಯಲ್ಲಿದ್ದರು. "ಮೇಷ್ಟ್ರೇ, ಯುಗಾದಿಯೊಳ್ಗೆ ಇಂಜಿನ್ ಕೂಗ್ದಿದ್ರೆ ಮಿಲ್ಲು ಮುಚ್ಬುಡ್ತೀನಿ ಕಣ್ರೀ. ಪಿರಿಯಾಪಟ್ಣಕ್ಕೆ ಇಂಟರ್ನೆಟ್ ಬಂದದಂತಲ್ಲ, ಏನ್ ಕೇಳುದ್ರೂ ಹೇಳ್ತದಂತೆ. ನಡೀರಿ."

ಮೇಷ್ಟರುಗಳ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದವನೆಂದು ಊರಲ್ಲಿ ನನಗೆ ಹೆಸರಿತ್ತು. ಕಂಪ್ಯೂಟರ್ ಆನ್ ಮಾಡುವುದನ್ನು ಕಲಿತಿದ್ದೆ. ಆಫ್ ಮಾಡುವುದನ್ನು ಹೇಳಿಕೊಟ್ಟ ದಿನ ರಜೆ ಹಾಕಿದ್ದೆ.

"ಇಂಥ ಇಂಜಿನ್ ಈ ಕಡೆ ಇನ್ನೊಂದಿಲ್ವ?" ಎಂದು ಬಸ್ಸಿನಲ್ಲಿ ಕೇಳಿದೆ.

"ಜೋಡಿ ಇತ್ತು. ನನ್ ಪಾಲಿಗೆ ಅದು ಸತ್ತೋಯ್ತು ಬುಡಿ," ಎಂದು ಕಿಟಕಿಯತ್ತ ತಿರುಗಿದರು.

ಸೈಬರ್ ಸೆಂಟರು ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇತ್ತು. ಅದರ ಮಾಲೀಕ ಸ್ವಾಮಿ ಒಂದು ಕಂಪ್ಯೂಟರಿನ ಮುಂದೆ ನಮ್ಮನ್ನು ಕೂರಿಸಿದ. ನಾನು ಇಂಜಿನ್ನಿನ ಹೆಸರು ಟೈಪ್ ಮಾಡಲು ಹೊರಟಾಗ ಚನ್ನಬಸವಣ್ಣ ನನ್ನ ಕೈ ಹಿಡಿದರು.

"ಗೇರ್ ಕೊಡಿ ಅಂತ ಬಾಗ್ಲಲ್ಲೇ ಕೇಳೋದಾ? ಯಾರು, ಯಾವೂರು, ಯಾರ್ ಮಗ ಅಂತ ಮೊದ್ಲು ಹೇಳ್ಬ್ಯಾಡ್ವ?"

ನ್ಯಾಯವೇ. ಹುಡುಕುವ ಆ ಸಣ್ಣ ಪೆಟ್ಟಿಗೆಯಲ್ಲಿ ನನ್ನ ಇಂಗ್ಲಿಷನ್ನೆಲ್ಲ ಸುರಿದೆ: 'ನಾನು ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿ ಮಿಲ್ಲು ಬಸಪ್ಪನವರ ಮಗ ಚನ್ನಬಸವಣ್ಣ. ನಾವೆಲ್ಲ ಕ್ಷೇಮ. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ...' ಪೆಟ್ಟಿಗೆ ತುಂಬಿತು. ಒತ್ತಿದೆ. ಏನೂ ಸಿಗಲಿಲ್ಲ ಎಂದು ಬಂತು.

"ಕ್ಷೇಮ ಕೇಳುದ್ರೂ ಉತ್ರ ಇಲ್ಲ. ಇದೆಂಥ ಮನೆ ಮೇಷ್ಟ್ರೇ?"

ಸ್ವಾಮಿ ನಗು ತಡೆದುಕೊಂಡು ಬಂದ. "ಯಜಮಾನ್ರೇ, ಅದ್ಕೆ ಮನೆತನ ಬ್ಯಾಡ, ಇಂಜಿನ್ ಹೆಸ್ರು ಸಾಕು."

ಹೆಸರು ಹೊಡೆದ ಮೇಲೆ ಇಂಗ್ಲೆಂಡಿನದೊಂದು ಸಂಘ ಸಿಕ್ಕಿತು. ಹಳೇ ಇಂಜಿನ್ನುಗಳನ್ನು ಮೊಮ್ಮಕ್ಕಳಂತೆ ಸಾಕುವ ಮುದುಕರ ಸಂಘ. ಬಂದು ಹೋದವರು ನಾಲ್ಕು ಮಾತು ಬರೆಯಲು ಸಂಘದ ಪುಟದ ಕೆಳಗೆ ಜಾಗವಿತ್ತು.

"ನೋಡುದ್ರಾ, ಇದು ಮನೆ ಅಂದ್ರೆ!" ಎಂದರು ಚನ್ನಬಸವಣ್ಣ. ಬಸಪ್ಪನವರಿಂದ ಹಿಡಿದು ಕ್ಷೇಮದವರೆಗೆ ಎಲ್ಲವೂ ಅಲ್ಲಿಗೆ ಹೋಯಿತು. ಕೊನೆಗೆ ಗೇರಿನ ವಿಷಯ. ಅದಕ್ಕೂ ಕೊನೆಗೆ, 'ಈ ಕಡೆ ಬಂದರೆ ಊಟ ಮಾಡದೆ ಹೋಗಕೂಡದು.'

ಮುಂದಿನ ಸಂತೆಯ ದಿನ ಸ್ವಾಮಿ ಹೇಳಿಕಳಿಸಿದ. ಅವನ ಇಮೇಲಿಗೆ ಸಂಘದ ಕಾರ್ಯದರ್ಶಿಯ ಉತ್ತರ ಬಂದಿತ್ತು. ನಿಮ್ಮ ವಿವರವಾದ ವಿಳಾಸದಿಂದ ಬಹಳ ಉಪಕಾರವಾಯಿತು, ನಿಮ್ಮ ಮೈಸೂರು ಜಿಲ್ಲೆಯಲ್ಲೇ ನಮ್ಮ ಸದಸ್ಯರೊಬ್ಬರ ಬಳಿ ಅಂಥದೇ ಇಂಜಿನ್ ಕೆಲಸವಿಲ್ಲದೆ ನಿಂತಿದೆ, ಅವರ ಫೋಟೋ ಕಳಿಸಿದ್ದೇನೆ ಎಂದಿದ್ದರು.

ಆ ಕಾಲದ ಇಂಟರ್ನೆಟ್ಟಿನಲ್ಲಿ ಫೋಟೋ ಮೇಲಿನಿಂದ ಕೆಳಗೆ, ಸುತ್ತಿದ ಚಾಪೆ ಬಿಚ್ಚಿದಂತೆ ನಿಧಾನಕ್ಕೆ ಇಳಿಯುತ್ತಿತ್ತು. ಮೊದಲು ಹೆಂಚು ಬಂತು. ಆಮೇಲೆ ಬಾಗಿಲಿನ ತೋರಣ.

"ಈ ಬಾಗ್ಲು ಎಲ್ಲೋ ನೋಡಿವ್ನಿ," ಎಂದರು ಚನ್ನಬಸವಣ್ಣ.

ಒಂದು ಬೋಳುತಲೆ ಬಂತು. ಹಣೆಯಲ್ಲಿ ವಿಭೂತಿ. ಹುಬ್ಬು ಇಳಿಯುವಷ್ಟರಲ್ಲಿ ಚನ್ನಬಸವಣ್ಣ ಟವೆಲ್ಲನ್ನು ಪರದೆಯ ಮೇಲೆ ಹಾಕಿದರು. "ಸಾಕು, ನಿಲ್ಸಪ್ಪ. ಮಿಕ್ಕಿದ್ ಬ್ಯಾಡ."

ಕೆ.ಆರ್. ನಗರದ ರೇಣುಕಾಪ್ರಸಾದ್. ಮಂಗಳಗೌರಮ್ಮನ ಸ್ವಂತ ತಮ್ಮ. ಆ ಹರಾಜಿನಲ್ಲಿ ಜೋಡಿ ಇಂಜಿನ್ನುಗಳಲ್ಲಿ ಒಂದೊಂದನ್ನು ಕೊಂಡ ಬಸಪ್ಪನವರೂ ರೇಣುಕಾಪ್ರಸಾದರ ತಂದೆಯೂ ಆಮೇಲೆ ಬೀಗರೂ ಆಗಿದ್ದರು. ಆದರೆ ರೇಣುಕಾಪ್ರಸಾದರ ಮದುವೆಯಲ್ಲಿ ಮನೆಯ ಅಳಿಯ ಚನ್ನಬಸವಣ್ಣನವರಿಗೆ ಎಲೆ ಸಿಕ್ಕಿದ್ದು ಎರಡನೇ ಪಂಕ್ತಿಯಲ್ಲಿ. ಅಂದಿನಿಂದ ಭಾವ ಭಾವಮೈದುನರಿಗೆ ಮಾತಿಲ್ಲ.

ಮಂಗಳಗೌರಮ್ಮನಿಗೆ ವಿಷಯ ಮುಟ್ಟಿತು. "ಗೇರು ಕೆಟ್ಟ ದಿನ್ವೇ ಹೇಳ್ದೆ, ನನ್ ತಮ್ಮುನ್ ತಾವ ಅದೆ ಅಂತ. ಹಲ್ಲಿ ಲೊಚಗುಟ್ಟುದ್ರೆ ನಿಂತ್ಕೊಂಡ್ ಕೇಳ್ತೀರ, ನಾನ್ ಹೇಳುದ್ರೆ ಅದೂ ಇಲ್ಲ. ಈಗ ಇಂಗ್ಲೆಂಡ್ನೋರೇ ಹೇಳವ್ರೆ, ಹೋಗ್ತೀರೋ ಇಲ್ವೋ?"

ಎರಡು ದಿನ ಚನ್ನಬಸವಣ್ಣ ನಿಂತ ಇಂಜಿನ್ನನ್ನೇ ಒರೆಸುತ್ತಿದ್ದರು. ಮೂರನೆಯ ದಿನ ಕರೆಂಟಿನ ಮಿಲ್ಲಿನವನು ಎರಡನೇ ಬೀಸುಕಲ್ಲು ಹಾಕಿಸುತ್ತಾನೆಂಬ ಸುದ್ದಿ ಬಂತು. "ನೀವೂ ಬನ್ನಿ ಮೇಷ್ಟ್ರೇ," ಎಂದು ಬಸ್ಸು ಹತ್ತಿದರು.

ಆ ತೋರಣದ ಬಾಗಿಲು ಹತ್ತಿರ ಬಂದಂತೆ ಅವರ ನಡಿಗೆ ನಿಧಾನವಾಯಿತು. ರೇಣುಕಾಪ್ರಸಾದ್ ಹೊರಗೆ ಬಂದರು. ಇಬ್ಬರೂ ನೆಲ ನೋಡಿದರು. ಗೇರು ಎಂದು ಬಾಗಿಲಲ್ಲೇ ಕೇಳುವುದು ಹೇಗೆ? ಚನ್ನಬಸವಣ್ಣ ಗಂಟಲು ಸರಿಮಾಡಿಕೊಂಡರು.

"ನಾನು... ಹಾರನಹಳ್ಳಿ ಮಿಲ್ಲು ಬಸಪ್ಪನೋರ ಮಗ, ಚನ್ನಬಸವಣ್ಣ. ನಾವೆಲ್ಲ ಕ್ಷೇಮ..."

"ಗೊತ್ತು ಭಾವ," ಎಂದರು ರೇಣುಕಾಪ್ರಸಾದ್. "ನಿಮ್ ಕ್ಷೇಮ ಇಂಗ್ಲೆಂಡಲ್ಲೇ ಓದ್ದೆ. ನೀವ್ ಬರೋದು ಅಕ್ಕ ಹೇಳ್ಕಳ್ಸಿದ್ಲು. ಮೊದ್ಲು ಕಾಲ್ ತೊಳ್ಕೊಳ್ಳಿ, ಎಲೆ ಹಾಕ್ಸಿವ್ನಿ. ಮೊದಲ್ನೇ ಪಂಕ್ತಿ."

ಉಣ್ಣಲು ಇದ್ದವರು ನಾವಿಬ್ಬರೇ. ಆದರೂ ಚನ್ನಬಸವಣ್ಣ ತಮ್ಮ ಎಲೆಯನ್ನು ನನ್ನದಕ್ಕಿಂತ ಒಂದು ಗೇಣು ಮುಂದಕ್ಕೆ ಸರಿಸಿಕೊಂಡೇ ಕುಳಿತರು. ಹೋಳಿಗೆಯ ಮೇಲೆ ತುಪ್ಪ ಬಿದ್ದ ಮೇಲೆ ಗೇರಿನ ಮಾತು ಬಂತು.

ಯುಗಾದಿಗೆ ಮೊದಲೇ ಹಾರನಹಳ್ಳಿಯಲ್ಲಿ ಇಂಜಿನ್ ಕೂಗಿತು. ಇಂಗ್ಲೆಂಡಿಗೆ ವಂದನೆಯ ಪತ್ರ ಬರೆಯಲು ಮತ್ತೆ ಸ್ವಾಮಿಯ ಅಂಗಡಿಗೆ ಹೋದೆವು. ಚನ್ನಬಸವಣ್ಣ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿ ಬರೆಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಲ್ಲಾ ಬರೀರಿ ಮೇಷ್ಟ್ರೇ. ಕೆ.ಆರ್. ನಗರ ನಮ್ಮೂರ್ಗೆ ಎಷ್ಟ್ ದೂರ ಅಂತ ಮಾತ್ರ ಬರೀಬ್ಯಾಡಿ."