ದೊಡ್ಡಪ್ಪನಿಗೆ ಕೊಡದ ಮಾತು

ದಾಸರಹಳ್ಳಿಯಲ್ಲಿ ಮೆಟ್ರೊ ಇಳಿದು ಪೀಣ್ಯದ ಕಡೆಗೆ ನಡೆಯುವಾಗ ಯಾವುದೋ ಶೆಡ್ಡಿನ ಬಾಗಿಲಿಂದ ಮಷೀನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಕಾದ ಲೋಹ, ಸೋಪಿನ ನೀರು, ಕಮಟು ಎಣ್ಣೆ, ಎಲ್ಲ ಕಲಸಿಕೊಂಡ ವಾಸನೆ. ಉಳಿದವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನನಗೆ ಮಾತ್ರ ದಸರೆ ಬಂದಂತಾಗುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಆ ವಾಸನೆ ಅಪ್ಪನ ಅಂಗಿಯದು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಪುಟ್ಟ ಮನೆಯದು. ಈಗ ಆ ಸಾಲುಮನೆಗಳೇ ಇಲ್ಲ. ನೆಲಸಮ ಮಾಡಿ ತಗಡಿನ ಬೇಲಿ ಹಾಕಿದ್ದಾರೆ. ನೀವು ಆಡಿ ಬೆಳೆದ ಮನೆಯೂ ಹೀಗೇ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ಲೋಹ ಕಡೆಯುವ ಲೇತಿನ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಅಣ್ಣ, ನಮ್ಮ ದೊಡ್ಡಪ್ಪ, ಅದೇ ಕಾರ್ಖಾನೆಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರುವವರು, ಇಂಗ್ಲಿಷ್ ಬಲ್ಲವರು. ದಸರೆಯಲ್ಲಿ ಕ್ವಾರ್ಟರ್ಸಿನ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಿದ್ದರು. ಸಂಜೆ ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಎಲ್ಲರ ಮನೆಗೂ ಹೋಗಿ, ಗೊಂಬೆ ನೋಡಿ, ಒಂದೊಂದು ಇಂಗ್ಲಿಷ್ ಮಾತು ಕೊಟ್ಟು ಬರುತ್ತಿದ್ದರು. ಒಬ್ಬರಿಗೆ ನೈಸ್, ಇನ್ನೊಬ್ಬರಿಗೆ ಬ್ಯೂಟಿಫುಲ್. ಎಲ್ಲಕ್ಕಿಂತ ಮೇಲಿನದು ಮ್ಯಾಗ್ನಿಫಿಸೆಂಟ್. ಹಾಗೆಂದರೇನು ಎಂದು ಒಮ್ಮೆ ಕೇಳಿದ್ದೆ. "ಅದು ಸುಮ್ನೆ ಚೆನ್ನಾಗಿರೋದಕ್ಕೆಲ್ಲ ಹೇಳೋ ಮಾತಲ್ಲ ಕಣಮ್ಮ. ನೋಡಿದ ತಕ್ಷಣ ಮನುಷ್ಯ ಚಿಕ್ಕೋನಾಗ್ಬಿಡ್ಬೇಕು, ಅಂಥದ್ದಕ್ಕೆ" ಎಂದಿದ್ದರು. ಏನು ಗತ್ತು! ಅಮ್ಮನಿಗೆ ಆ ಮಾತಿನ ಮೇಲೆ ಜೀವ. ಒಂದೇ ಒಂದು ವರ್ಷ ನಮ್ಮ ಮನೆಯ ಗೊಂಬೆಗೆ ಅದು ಸಿಗಲಿ ಎಂದು ಆಸೆ. ಪ್ರತಿ ವರ್ಷ ಸಿಗುತ್ತಿದ್ದದ್ದು 'ಪರವಾಗಿಲ್ಲ', ಅದೂ ಕನ್ನಡದಲ್ಲಿ.

ಒಂದು ದಸರೆಗೆ ಅಮ್ಮ ಹಟ ಹಿಡಿದಳು. ಲೇತಿನಿಂದ ಸುರುಳಿಸುರುಳಿಯಾಗಿ ಬೀಳುವ ಅಲ್ಯುಮಿನಿಯಂ ಸಿಪ್ಪೆಯನ್ನು ಅಪ್ಪ ಮೇಲಿನವರನ್ನು ಕೇಳಿ ಮೂಟೆ ಕಟ್ಟಿ ತಂದರು. ಅಮ್ಮ ಸೀಗೆಪುಡಿ ಹಾಕಿ ತೊಳೆದಳು, ಬಿಸಿಲಿಗೆ ಹರಡಿದಳು, ಬೆರಳೆಲ್ಲ ಕುಯ್ದುಕೊಂಡು ಅರಿಶಿನ ಮೆತ್ತಿಕೊಂಡಳು. ಸೂರಿನ ಎತ್ತರದಿಂದ ಗೊಂಬೆಗಳ ನಡುವೆ ಅದನ್ನು ಇಳಿಬಿಟ್ಟು ಹಿಂದೆ ಬಲ್ಬು ಹಾಕಿದಾಗ, ಅಬ್ಬಾ, ಬೆಳ್ಳಿಯ ಜಲಪಾತ! ಫ್ಯಾನಿನ ಗಾಳಿಗೆ ನಿಜವಾಗಿಯೂ ಧುಮುಕುತ್ತಿತ್ತು. ಬಂದ ಹೆಂಗಸರು ಕುಂಕುಮ ತೆಗೆದುಕೊಳ್ಳುವುದನ್ನೇ ಮರೆತರು. ದೊಡ್ಡಪ್ಪ ಬಂದವರು ಹೊಸಿಲಲ್ಲೇ ನಿಂತುಬಿಟ್ಟರು. ಅವರ ಮುಖವನ್ನು ನಾನು ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ, ಮನುಷ್ಯ ಚಿಕ್ಕವರಾಗಿದ್ದರು. ಆಮೇಲೆ ಮೂಗು ಅರಳಿಸಿದರು. ತೊಳೆದರೂ ಆ ಎಣ್ಣೆಯ ವಾಸನೆ ಪೂರ್ತಿ ಹೋಗಿರಲಿಲ್ಲ. "ಏನಮ್ಮಾ, ಫ್ಯಾಕ್ಟ್ರಿ ಕಸಾನೆಲ್ಲ ತಂದು ದೇವ್ರ ತಲೆ ಮೇಲೆ ಸುರಿದಿದ್ದೀಯಲ್ಲ!" ಎಂದು ಎಲ್ಲರೆದುರು ನಕ್ಕರು. ಅಲ್ಲಿಂದ ನೇರ ಮ್ಯಾನೇಜರರ ಮನೆಗೆ. ಗೊಂಬೆಬಾಗಿನದ ತಿಂಡಿಯ ಆಸೆಗೆ ನಾನೂ ಹಿಂದೆಯೇ ಹೋಗಿದ್ದೆ. ಅಲ್ಲಿದ್ದ ಪ್ಲಾಸ್ಟಿಕ್ ಹೂವಿನ ಹಾರಗಳನ್ನು ನೋಡಿ "ಮ್ಯಾಗ್ನಿಫಿಸೆಂಟ್ ಸಾರ್" ಎಂದರು. ಅಮ್ಮ ಮತ್ತೆಂದೂ ಗೊಂಬೆ ಕೂರಿಸಲಿಲ್ಲ.

ನಾನು ಇಂಗ್ಲಿಷ್ ಕಲಿತದ್ದು ಈ ಕಿಚ್ಚಿನಿಂದಲೇ. ಈಗ ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಜಾಹೀರಾತು ಬರೆಯುತ್ತೇನೆ. ಮ್ಯಾಗ್ನಿಫಿಸೆಂಟ್ ಎಂಬ ಮಾತನ್ನು ಕೊಚ್ಚೆ ಪಕ್ಕದ ಫ್ಲ್ಯಾಟಿಗೂ ಹಲ್ಲುಜ್ಜುವ ಬ್ರಷ್ಷಿಗೂ ಧಾರಾಳವಾಗಿ ಕೊಟ್ಟಿದ್ದೇನೆ. ಒಬ್ಬರಿಗೆ ಮಾತ್ರ ಇಲ್ಲ. ರಿಟೈರಾದ ಮೇಲೆ ದೊಡ್ಡಪ್ಪ ಸಿಂಗಸಂದ್ರದಲ್ಲಿ ಮೇಲಿನ ಮಹಡಿಯ ಫ್ಲ್ಯಾಟು ಕೊಂಡು ಗೃಹಪ್ರವೇಶಕ್ಕೆ ಕರೆದರು. ಅಮ್ಮ ಮಂಡಿನೋವೆಂದು ಬರಲಿಲ್ಲ. ದೊಡ್ಡಪ್ಪ ನನ್ನನ್ನು ಬಾಲ್ಕನಿಗೆ ಕರೆದೊಯ್ದು ಸಂಜೆಯ ಆಕಾಶ ತೋರಿಸಿದರು. "ನೀನು ಇಂಗ್ಲಿಷ್ ಬರೆಯೋಳು. ಹೇಳಮ್ಮಾ, ಹೆಂಗಿದೆ?" ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ನೋಟ ಭವ್ಯವಾಗಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಗಾಳಿ ಚೆನ್ನಾಗಿ ಬರುತ್ತೆ ದೊಡ್ಡಪ್ಪ" ಎಂದೆ. ಕಾದರು. "ಅಷ್ಟೇನಾ?" ಎಂದರು. "ಬಟ್ಟೆ ಬೇಗ ಒಣಗುತ್ತೆ" ಎಂದೆ. ಮುಖ ಹುಳ್ಳಗೆ ಮಾಡಿಕೊಂಡರು. ನಾನು ಊಟಕ್ಕೆ ಕೂತು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹಿರಿಯರಿಗೆ ಹಾಗನ್ನಬಾರದು ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಟಿವಿ ಆರಿಸಿ ನನ್ನ ಪಕ್ಕ ಬಂದು ಕೂತಳು. "ಇನ್ನೊಂದ್ಸಲ ಹೇಳೇ. ಮುಖ ಹೆಂಗಾಯ್ತು?" ಅಂದಿನಿಂದ, ಮಕ್ಕಳು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿಸಿಕೊಳ್ಳುವ ಹಾಗೆ, ನನ್ನಿಂದ ಅದನ್ನೇ ಹೇಳಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಮಂಚದಲ್ಲೂ "ಬಟ್ಟೆ ಒಣಗುತ್ತೆ ಅಂದ್ಯಾ!" ಎಂದು ಕೆಮ್ಮು ಬರುವಷ್ಟು ನಕ್ಕಳು. ಆ ನಗು ಹೋಯಿತು, ಮನೆಯೂ ಹೋಯಿತು. ದೊಡ್ಡಪ್ಪ ಇದ್ದಾರೆ. ನಾನು ಹೋದಾಗಲೆಲ್ಲ ಬಾಲ್ಕನಿಯಲ್ಲೇ ಕೂರಿಸಿ, ಮಂಜಾದ ಕಣ್ಣಲ್ಲಿ ನನ್ನ ಬಾಯನ್ನೇ ನೋಡುತ್ತಾರೆ. ಈಗ ಹೇಳಿಬಿಟ್ಟರೆ ಕೇಳಿ ನೊಂದುಕೊಳ್ಳಲು ಅಮ್ಮ ಇಲ್ಲ, ಅವಳ ಬೆನ್ನ ಹಿಂದೆ ಕೊಟ್ಟಂತಾಗುತ್ತದೆ. ಅದಕ್ಕೇ ಹೇಳುವುದಿಲ್ಲ.