ನಾರ್ಮಲ್ ಎಂಬ ಶಬ್ದದ ಊರು

ಬೀದರದ ನಮ್ಮ ಓಣಿಯಲ್ಲಿ ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರಿದ್ದರು. ಯಾವ ಶಬ್ದದ ಅರ್ಥ ಕೇಳಿದರೂ ಕಣ್ಣು ಮುಚ್ಚಿ, "ಮೊದಲ ಅದರ ಊರು ಕೇಳವ್ವಾ" ಎನ್ನುತ್ತಿದ್ದರು. ಶಬ್ದ ಹುಟ್ಟಿದ ಕಥೆ ಮುಗಿದು ಅರ್ಥ ಬರುವಷ್ಟರಲ್ಲಿ ಚಹಾ ಆರುತ್ತಿತ್ತು.

ಇಂಗ್ಲಿಷ್ ಬಾರದ ನಾನು ಮಗಳ ಎದೆಯ ತಪಾಸಣೆಯ ರಿಪೋರ್ಟ್ ಹಿಡಿದು ಅವರ ಮನೆಗೆ ಹೋದ ದಿನ ಮಾತ್ರ ಅವರು ಕಣ್ಣು ಮುಚ್ಚಲಿಲ್ಲ.

"ನಾರ್ಮಲ್ ಅಂತ ಬರದಾರವ್ವಾ. ಕೂಸಿನ ಎದಿ ನೆಟ್ಟಗದ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತು ಹಗುರಾದ ಮೇಲೆ ನಾನೇ ಕೇಳಿದೆ: "ಅದರ ಊರು ಯಾವುದ್ರಿ, ಸರ?"

ಆಗ ಕಣ್ಣು ಮುಚ್ಚಿದರು. "ಲ್ಯಾಟಿನ್ ಭಾಷಾದಾಗ ಬಡಿಗೇರನ ಮೂಲಿಮಟ್ಟಕ್ಕ ನಾರ್ಮಾ ಅಂತಿದ್ರು. ಚೌಕಟ್ಟಿನ ಮೂಲಿ ನೆಟ್ಟಗ ಅದನೋ ಇಲ್ಲೋ, ಅದನ್ನ ಹಚ್ಚಿ ನೋಡ್ತಿದ್ರವ್ವಾ. ಅದಕ್ಕ ಸರಿ ಕೂತದ್ದು ನಾರ್ಮಲ್."

ಈಗಲೂ ಮಗಳು ಅಂಗಳದಲ್ಲಿ ಓಡುವಾಗ, ಯಾರೋ ದೊಡ್ಡ ಬಡಿಗೇರ ಅವಳೆದೆಗೆ ಮೆಲ್ಲಗೆ ಮೂಲೆಮಟ್ಟ ಹಚ್ಚಿ ನೋಡಿ, ತಲೆದೂಗಿದಂತೆ ಕಾಣುತ್ತದೆ. ಒಳಗೆ ಹೋಗಿ ದೇವರ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕುತ್ತೇನೆ.