ಬೇಸ್ ಗಿಟಾರಿನವರ ಮನೆಯ ಫೋನು

ನನಗೆ ಹಾಡಲು ಬರುವುದಿಲ್ಲ, ಏನನ್ನೂ ನುಡಿಸಲು ಬರುವುದಿಲ್ಲ. ಆದರೆ ಧಾರವಾಡದವನಾದ್ದರಿಂದ ಸಂಗೀತ ಬಲ್ಲವನೆಂದು ಗೋವಾದ ಜನ ತಾವೇ ತೀರ್ಮಾನಿಸಿಬಿಟ್ಟಿದ್ದರು. ನಾನೂ ಅವರ ಮನಸ್ಸು ನೋಯಿಸಲು ಹೋಗಲಿಲ್ಲ.

ಎಂಬತ್ತರ ದಶಕದಲ್ಲಿ ವಾಸ್ಕೋದ ಟೆಲಿಫೋನ್ ಆಫೀಸಿಗೆ ವರ್ಗವಾಗಿ ಬಂದು ಮಂಗೋರ್ ಹಿಲ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಆ ಕಾಲದಲ್ಲಿ ಫೋನಿಗೆ ಅರ್ಜಿ ಹಾಕಿ ಕೂತವರು ಊರ ತುಂಬ ಇದ್ದರು. ಹಾಗಾಗಿ ನನ್ನಂಥ ಸಾಮಾನ್ಯ ಗುಮಾಸ್ತನಿಗೂ ಮದುವೆಯ ಆಮಂತ್ರಣಗಳು ಬರುತ್ತಿದ್ದವು. ವರನ ಹೆಸರು ಗೊತ್ತಿಲ್ಲ, ವಧುವಿನ ಮುಖ ನೋಡಿಲ್ಲ, ಆದರೂ ಮುಂದಿನ ಸಾಲಿನಲ್ಲಿ ಕುರ್ಚಿ. ಹೆಂಡತಿಯೂ ನಾನೂ ಹೋಗಿ ಊಟ ಮಾಡಿ, ಇಬ್ಬರಿಗೂ ಅರ್ಥವಾಗದ ಭಾಷಣಗಳಿಗೆ ಚಪ್ಪಾಳೆ ತಟ್ಟಿ ಬರುತ್ತಿದ್ದೆವು.

ಅಂಥ ಒಂದು ಕ್ರಿಶ್ಚಿಯನ್ ಮದುವೆಯಲ್ಲಿ ಅವರನ್ನು ಮೊದಲು ನೋಡಿದ್ದು. ವೇದಿಕೆಯ ಮುಂದುಗಡೆ ಮಿರಿಮಿರಿ ಕೋಟಿನ ಹಾಡುಗಾರ ಬಳ್ಳಿಯ ಹಾಗೆ ಬಳುಕುತ್ತಿದ್ದ. ಪಕ್ಕದಲ್ಲಿ ಟ್ರಂಪೆಟ್ ಊದುವವರು ಕೆನ್ನೆ ಉಬ್ಬಿಸಿ ಎಲ್ಲರ ಕಣ್ಣನ್ನೂ ತಮ್ಮ ಕಡೆ ಎಳೆದುಕೊಂಡಿದ್ದರು. ಹಿಂದೆ, ಪರದೆಗೆ ಒತ್ತಿಕೊಂಡಂತೆ, ಒಬ್ಬ ದಪ್ಪನೆಯ ಮಧ್ಯವಯಸ್ಸಿನವರು ಕುರ್ಚಿಯ ಮೇಲೆ ಕೂತಿದ್ದರು. ತೊಡೆಯ ಮೇಲೆ ನಾಲ್ಕೇ ತಂತಿಯ ಉದ್ದ ಕತ್ತಿನ ಬೇಸ್ ಗಿಟಾರು. ಮುಖದಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವನ ನಿರಾಸಕ್ತಿ. ಅವರು ಬೆರಳಾಡಿಸಿದರೆ ಧೊಂ ಎಂದು ಸ್ವರ ನನ್ನ ಕುರ್ಚಿಯ ಕಾಲಿನಿಂದ ಹತ್ತಿ ಎದೆಗೂಡಿಗೆ ಬಂದು ಕೂರುತ್ತಿತ್ತು. ಮುಂದಿನವರೆಲ್ಲ ಕುಣಿಯುತ್ತಿದ್ದದ್ದು ಅವರ ಆಣತಿಯ ಮೇಲೆ ಎಂದು ನನಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ಕುಣಿಯುವವರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಅಂದಿನಿಂದ ಆ ಬ್ಯಾಂಡು ಇರುವ ಯಾವ ಮದುವೆಯನ್ನೂ ನಾನು ತಪ್ಪಿಸಲಿಲ್ಲ. ವಧೂವರರು ಯಾರೆಂದು ಕೇಳುತ್ತಿರಲಿಲ್ಲ, ಬ್ಯಾಂಡು ಯಾವುದೆಂದು ಕೇಳುತ್ತಿದ್ದೆ. ಅವರ ನುಡಿಸಾಣಿಕೆಯಲ್ಲಿ ಒಂದು ವಿಶೇಷವಿತ್ತು. ಸ್ವರ ಕೆಳಗಿಳಿಯುತ್ತ ಇಳಿಯುತ್ತ ಹೋಗಿ, ಇನ್ನೇನು ತಳ ಮುಟ್ಟಬೇಕು ಎನ್ನುವಾಗ ಅವರು ಕೈ ಎತ್ತಿ ಸುಮ್ಮನಾಗುತ್ತಿದ್ದರು. ಬರಬೇಕಾದ ಸ್ವರ ಬರುತ್ತಿರಲಿಲ್ಲ. ಆ ಖಾಲಿ ಜಾಗದ ಮೇಲೆ ನಾನು ಒಂದು ಸಿದ್ಧಾಂತವನ್ನೇ ಕಟ್ಟಿದೆ. ನುಡಿಸದೆ ಬಿಟ್ಟ ಸ್ವರವೇ ನಿಜವಾದ ಸ್ವರ, ಇದು ಮೌನದ ಸಾಧನೆ, ಇತ್ಯಾದಿ. ಆಫೀಸಿನ ಚಹಾದ ಹೊತ್ತಿನಲ್ಲಿ ಇದನ್ನು ವಿವರಿಸುತ್ತಿದ್ದೆ. ಸಹೋದ್ಯೋಗಿಗಳು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಧಾರವಾಡದವನ ಎದುರು ಮತ್ತೇನು ಮಾಡಿಯಾರು?

ಹೆಂಡತಿ ಮಾತ್ರ ತಾನೂ ಧಾರವಾಡದವಳೇ. "ಮಂದಿ ಮದಿವಿಗೆ ಹೋದ್ರ ಮದುಮಗಳನ್ನ ನೋಡತಾರ. ನೀವು ಹಿಂದ ಕೂತ ಆ ಮುದುಕನ್ನ ನೋಡಕೋತ ಕೂಡತೀರಿ. ನಾಳೆ ಯಾರರ ಏನರ ಅಂದಾರು" ಎನ್ನುತ್ತಿದ್ದಳು.

ಹೀಗೆ ಕೆಲವು ವರ್ಷ ದೂರದಿಂದಲೇ ಭಕ್ತಿ ನಡೆಯಿತು. ತೊಂಬತ್ತರ ಆಸುಪಾಸಿನ ಒಂದು ಮಳೆಗಾಲದ ಬೆಳಿಗ್ಗೆ ಆಫೀಸಿನ ಕಿಟಕಿಯಲ್ಲಿ ತಲೆ ಎತ್ತಿ ನೋಡುತ್ತೇನೆ, ಅವರೇ ನಿಂತಿದ್ದಾರೆ. ಕೊಡೆಯಿಂದ ನೀರು ನನ್ನ ಮೇಜಿನ ಮೇಲೆ ತೊಟ್ಟಿಕ್ಕುತ್ತಿದೆ. ಥಟ್ಟನೆ ಎದ್ದು ನನ್ನ ಕೊಂಕಣಿಯಲ್ಲಿ ನಾನು ಅವರ ಎಷ್ಟು ದೊಡ್ಡ ಅಭಿಮಾನಿ ಎಂಬುದನ್ನು ಹೇಳತೊಡಗಿದೆ. ಅವರು ಸ್ವಲ್ಪ ಹೊತ್ತು ಸಹಿಸಿಕೊಂಡರು.

"ನೀವು ಹುಬ್ಬಳ್ಳಿ ಕಡೆಯವ್ರೇನ್ರಿ?"

ನಾನು ಬೆಚ್ಚಿಬಿದ್ದೆ. "ಧಾರವಾಡ್ರಿ."

"ಹಂಗಾದ್ರ ಕನ್ನಡದಾಗ ಮಾತಾಡ್ರಿ. ನಿಮ್ಮ ಕೊಂಕಣಿ ಕೇಳಾಕ ಆಗವಲ್ದು."

ಅವರ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರಂತೆ. ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಬೆಳೆದು, ಅಲ್ಲಿಯೇ ಮೆಟ್ರಿಕ್ ಮುಗಿಸಿದ್ದರು. ನಾನು ಇಷ್ಟು ವರ್ಷ ದೂರದೇಶದ ಗಂಧರ್ವನೆಂದು ತಿಳಿದವರು ನಮ್ಮ ಊರಿನ ಪಕ್ಕದವರಾಗಿದ್ದರು. ಖುಷಿಯೂ ಆಯಿತು, ಒಂದಿಷ್ಟು ನಿರಾಸೆಯೂ ಆಯಿತು.

"ನಾನು ನಿಮ್ಮ ಭಾಳ ದೊಡ್ಡ ಅಭಿಮಾನಿ ಅದೀನ್ರಿ" ಎಂದು ಕನ್ನಡದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ.

"ಅಭಿಮಾನ ಇರ್ಲಿ ತಗೋರಿ. ಫೋನ್ ಯಾವಾಗ ಚಾಲೂ ಮಾಡ್ತೀರಿ, ಅದನ್ನ ಹೇಳ್ರಿ."

ಸಂಗತಿ ಇಷ್ಟು. ಅವರ ಮನೆಗೆ ಬರುವ ಫೋನಿನ ತಂತಿ ಪಕ್ಕದ ಹಿತ್ತಲಿನ ಹಲಸಿನ ಮರದ ನಡುವೆ ಹಾಯ್ದು ಬರುತ್ತಿತ್ತು. ಗಾಳಿಮಳೆಗೆ ಒಂದು ಟೊಂಗೆ ಬಾಗಿ ತಂತಿ ಹರಿದಿತ್ತು. ಲೈನ್‌ಮನ್ ಹೋಗಿದ್ದ. ಆದರೆ ಪಕ್ಕದ ಮನೆಯವರು ಟೊಂಗೆ ಕಡಿಯುವುದಿರಲಿ, ಏಣಿಯನ್ನೂ ಒಳಗೆ ಬಿಟ್ಟಿರಲಿಲ್ಲ.

"ಪಕ್ಕದ ಮನಿ ಯಾರದ್ರಿ?"

"ನನ್ನ ತಮ್ಮಂದು. ಟ್ರಂಪೆಟ್ ಊದತಾನಲ್ಲ, ಅವನ."

ಆ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೆ ಒಂದೇ ವ್ಯಾನಿನಲ್ಲಿ ಮದುವೆಗಳಿಗೆ ಹೋಗಿ, ಒಂದೇ ವೇದಿಕೆಯಲ್ಲಿ ಮೊಳದಷ್ಟು ದೂರದಲ್ಲಿ ಕೂತು, ಊರವರ ದಾಂಪತ್ಯ ಸುಖವಾಗಿರಲೆಂದು ನುಡಿಸಿ ಬರುತ್ತಿದ್ದರು.

ಇದು ನನ್ನ ಕೆಲಸವಲ್ಲ. ಆದರೂ ಮುಂದಿನ ರವಿವಾರ ನಾನೇ ಬರುತ್ತೇನೆಂದು ಮಾತುಕೊಟ್ಟೆ. ಹೊರಡುವಾಗ ಪೆಟ್ಟಿಗೆಯಿಂದ ರೇಷ್ಮೆ ಅಂಗಿ ತೆಗೆದದ್ದನ್ನು ಹೆಂಡತಿ ನೋಡಿದಳು.

"ಫೋನ್ ರಿಪೇರಿಗೆ ರೇಷ್ಮಿ ಅಂಗಿ ಯಾಕ್ರಿ? ನಮ್ಮ ಮನಿ ಫ್ಯಾನ್ ತಿರಗದ ತಿಂಗಳಾತು. ಬನಿಯನ್ ಮ್ಯಾಲರ ಒಮ್ಮಿ ನೋಡಬಾರದ?"

ಅವರ ಹಳ್ಳಿ ಜುವಾರಿ ನದಿಯ ದಂಡೆಯಲ್ಲಿತ್ತು. ಬಸ್ಸಿಳಿದು ಕೆಸರಿನಲ್ಲಿ ರೇಷ್ಮೆ ಅಂಗಿಯ ಮಾನ ಕಾಪಾಡಿಕೊಳ್ಳುತ್ತ ಹೋದೆ. ಕಲಾವಿದರ ಮನೆ ಹೇಗಿರುತ್ತದೆಂದು ನನಗೆ ಒಂದು ಕಲ್ಪನೆಯಿತ್ತು. ವಾದ್ಯ ಒಂದು ಪೀಠದ ಮೇಲಿರುತ್ತದೆ, ಮುಂದೆ ದೀಪವೋ ಊದಿನಕಡ್ಡಿಯೋ ಇರುತ್ತದೆ ಎಂದು. ಇಲ್ಲಿ ಬೇಸ್ ಗಿಟಾರು ಮೂಲೆಗೆ ಒರಗಿತ್ತು. ಮಳೆಗೆ ಬಟ್ಟೆ ಒಣಗದ್ದರಿಂದ ಅದರ ಕತ್ತಿಗೆ ಒಂದು ಟವೆಲ್ ನೇತುಹಾಕಿದ್ದರು.

ವರಾಂಡಾಕ್ಕೂ ಪಕ್ಕದ ಮನೆಯ ವರಾಂಡಾಕ್ಕೂ ನಡುವೆ ಸೊಂಟದೆತ್ತರದ ಕಂಪೌಂಡು. ಆಚೆ ತಮ್ಮನವರು ಟ್ರಂಪೆಟ್ ಒರೆಸುತ್ತ ಕೂತಿದ್ದರು. ಅಣ್ಣನವರು ನನ್ನನ್ನು ಆ ಗೋಡೆಯ ಹತ್ತಿರ ನಿಲ್ಲಿಸಿದರು.

"ಅವಗ ಹೇಳ್ರಿ, ಒಂದ ಟೊಂಗಿ ಕಡದ್ರ ಅವನ ಮರ ಸಾಯೂದಿಲ್ಲ ಅಂತ."

ತಮ್ಮನವರಿಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಹೇಳಿದೆ.

"ಅವಗ ಹೇಳ್ರಿ, ಆ ಟೊಂಗಿಗೆ ಇನ್ನೂ ಕಾಯಿ ಅದಾವು. ನಾ ಮುಟ್ಟಾಕ ಬಿಡೂದಿಲ್ಲ ಅಂತ."

ನಾನು ತಿರುಗಿ ಅದನ್ನೂ ಹೇಳಿದೆ.

"ಎಲ್ಲಾ ಕಾಯಿ ಇವ ಒಬ್ಬನ ತಿಂದ ಸಾಯ್ತಾನೇನ್ ಕೇಳ್ರಿ. ಸಣ್ಣಾವ ಇದ್ದಾಗಿಂದ ಹಿಂಗ ಹೊಟ್ಟಿಬಾಕ."

ಇದನ್ನು ಇದ್ದಂತೆ ಹೇಳಲು ನನ್ನ ಸಂಸ್ಕಾರ ಒಪ್ಪಲಿಲ್ಲ. "ಹಣ್ಣು ಎಲ್ಲಾರೂ ಹಂಚಿಕೊಂಡ ತಿನ್ನೋಣು ಅಂತಾರ್ರಿ ಅಣ್ಣಾವ್ರು" ಎಂದೆ.

ತಮ್ಮನವರು ಒರೆಸುವುದನ್ನು ನಿಲ್ಲಿಸಿದರು. "ಹಂಗ ಅಂದಿಲ್ಲ ಅವ. ಅಂದದ್ದನ್ನ ಅಂದಂಗ ಹೇಳ್ರಿ."

ಹೊಟ್ಟೆಬಾಕ ಎಂಬ ಮಾತನ್ನು ನನ್ನ ಬಾಯಿಂದ ಹೊರಡಿಸಿಯೇ ಬಿಟ್ಟರು. ಒಬ್ಬ ಮಹಾನ್ ವಾದಕರೊಡನೆ ಸಂಗೀತ ಚರ್ಚಿಸಲು ರೇಷ್ಮೆ ಅಂಗಿ ತೊಟ್ಟು ಬಂದವನು, ಪರಿಚಯವೂ ಇಲ್ಲದ ಇನ್ನೊಬ್ಬ ಮಹಾನ್ ವಾದಕರನ್ನು ಮಳೆಯಲ್ಲಿ ನಿಂತು ಹೊಟ್ಟೆಬಾಕ ಎಂದು ಕರೆಯುತ್ತಿದ್ದೆ. ತಮ್ಮನವರಿಗೆ ಆಗ ಸಮಾಧಾನವಾಯಿತು.

ಬಹಳ ಹೊತ್ತು ಹೀಗೇ ನಡೆದ ಮೇಲೆ ನನಗೆ ಸಾಕಾಗಿ, ತಮ್ಮನವರನ್ನು ಕೇಳಿದೆ: "ಬ್ಯಾಂಡಿಗೆ ಕರಿಯಾವ್ರು ಯಾವ ನಂಬರಿಗೆ ಫೋನ್ ಮಾಡ್ತಾರ್ರಿ?"

"ಅವಂದಕ್ಕ. ನಂಗ ಎಲ್ಲೈತಿ ಫೋನು?"

"ಮತ್ತ ಆ ಫೋನ್ ಸತ್ತ ಮ್ಯಾಲ ನಿಮ್ಮನ್ನ ಯಾರರ ಕರದಾರೇನ್ರಿ?"

ಅವರು ಟ್ರಂಪೆಟನ್ನು ಕೆಳಗಿಟ್ಟರು. ಮಳೆಗಾಲದಲ್ಲಿ ಮದುವೆಗಳು ಕಡಿಮೆ ಎಂದು ಇಬ್ಬರೂ ಮಳೆಯನ್ನು ಬೈಯುತ್ತ ಕೂತಿದ್ದರಂತೆ. ಕಡೆಗೆ ಟೊಂಗೆ ಕಡಿಯುವುದು ಬೇಡ, ಹಗ್ಗ ಹಾಕಿ ಆಚೆ ಎಳೆದು ಕಟ್ಟುವುದು ಎಂದಾಯಿತು. ಕಾಯಿಗಳೂ ಉಳಿದವು, ಹಗೆತನಕ್ಕೂ ಏನೂ ಧಕ್ಕೆಯಾಗಲಿಲ್ಲ.

ಟೊಂಗೆ ಕಟ್ಟುವ ಕೆಲಸ ಮುಗಿದ ಮೇಲೆ ಚಹಾ ಬಂತು. ಈಗ ನನ್ನ ಸರದಿ. ಗಂಟಲು ಸರಿಮಾಡಿಕೊಂಡು ಆ ಮೌನದ ವಿಷಯ ತೆಗೆದೆ. ಸ್ವರ ತಳ ಮುಟ್ಟುವ ಜಾಗದಲ್ಲಿ ನೀವು ಕೈ ಎತ್ತಿಬಿಡುತ್ತೀರಲ್ಲ, ಆ ಸಾಧನೆ ಹೇಗೆ ಬಂತು ಎಂದು ಕೇಳಿದೆ.

ಅವರು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಓ, ಅದಾ? ದಪ್ಪ ತಂತಿ ಬಿಗಿಯೂ ಕಿವಿ ಸಡ್ಲ ಆಗಿತ್ರಿ. ಬಾರಿಸಿದ್ರ ಸಾಕು, ಶ್ರುತಿ ಇಳೀತಿತ್ತು. ಅದಕ್ಕ ಆ ತಂತಿ ಬಂದಲ್ಲಿ ಸುಮ್ಮ ಕೂಡ್ತಿದ್ದೆ."

"ಅಷ್ಟು ವರ್ಷ?"

"ಹೊಸಾದು ಮುಂಬೈಲಿಂದ ತರಸಬೇಕು. ಯಾರ್ ಹೋಗ್ತಾರ? ಮಂದಿಗೇನ್ ಗೊತ್ತಾಗತೈತಿ?"

ಮಂದಿಗೆ ಗೊತ್ತಾಗಿತ್ತು, ಗೊತ್ತಾಗಿ ಅದರ ಮೇಲೆ ಉಪನ್ಯಾಸಗಳನ್ನೂ ಕೊಟ್ಟಾಗಿತ್ತು ಎಂದು ನಾನು ಹೇಳಲಿಲ್ಲ. ಚಹಾ ಕುಡಿದೆ. ಮಾತು ಬದಲಿಸಲು, ಇಷ್ಟೆಲ್ಲ ವಾದ್ಯಗಳಿರುವಾಗ ಬೇಸ್ ಗಿಟಾರನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದೆ.

"ನಾ ಎಲ್ಲಿ ಆರಿಸಿಕೊಂಡೆ? ಅಪ್ಪ ಮನಿಗೆ ಒಂದ ಟ್ರಂಪೆಟ್ ತಂದಿದ್ದ. ಅದನ್ನ ಅವ ಕಸಗೊಂಡ. ನನಗ ಉಳದದ್ದು ಇದು."

ಗೋಡೆಯಾಚೆಯಿಂದ ದನಿ ಬಂತು: "ಸುಳ್ಳ! ಅವಗ ಊದಾಕ ಉಸರ ಸಾಲ್ತಿರಲಿಲ್ಲ ಅಂತ ಹೇಳ್ರಿ!"

ನಾನು ಹೇಳಲಿಲ್ಲ. ಅಣ್ಣನವರು ಎದ್ದು, ಟವೆಲ್ ತೆಗೆದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಕರೆಂಟು ಇರಲಿಲ್ಲ. ದನಿ ಹಿಗ್ಗಿಸುವ ಕರೆಂಟಿನ ಪೆಟ್ಟಿಗೆಗೆ ಜೋಡಿಸದಿದ್ದರೆ ಆ ವಾದ್ಯದ ದನಿ ಸೊಳ್ಳೆಯ ದನಿಗಿಂತ ಹೆಚ್ಚಲ್ಲ. "ಕೈ ಇಡ್ರಿ ಇಲ್ಲೆ" ಎಂದು ಮರದ ಮೇಲೆ ನನ್ನ ಅಂಗೈ ಇರಿಸಿಕೊಂಡು ನುಡಿಸಿದರು. ಕಿವಿಗೆ ಏನೂ ಬರಲಿಲ್ಲ, ಎಲ್ಲ ಮೊಣಕೈವರೆಗೆ ಹರಿದು ಬಂತು. ಕಣ್ಣಲ್ಲಿ ನೀರು ತುಂಬಿತು. ಅವರಿಗೆ ಅದು ಕಾಣಲಿಲ್ಲ, ಅಥವಾ ಕಂಡರೂ ಚಹಾ ಬಿಸಿಯಿತ್ತೆಂದುಕೊಂಡರು.

ಮುಂದಿನ ವಾರ ಲೈನ್‌ಮನ್ ತಂತಿ ಜೋಡಿಸಿ ಫೋನು ಸರಿಯಾಯಿತು. ಆದರೆ ಕರೆಯುವವರು ಕಡಿಮೆಯಾಗುತ್ತ ಬಂದರು. ತೊಂಬತ್ತರ ದಶಕ ಮುಂದುವರಿದಂತೆ ಮದುವೆಗಳಿಗೆ ಕೀಬೋರ್ಡ್ ಬಂತು. ಒಬ್ಬ ತರುಣ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಒಂದು ಗುಂಡಿ ಒತ್ತಿದರೆ ಡ್ರಮ್ಮು, ಇನ್ನೊಂದು ಒತ್ತಿದರೆ ಬೇಸು. ಅದಕ್ಕೆ ಊಟ ಹಾಕುವ ಅಗತ್ಯವಿಲ್ಲ.

ಆ ಹೊತ್ತಿಗೆ ನಮ್ಮ ಕಡೆಯ ಕನ್ನಡಿಗರೆಲ್ಲ ಸೇರಿ ಮಂಗೋರ್ ಹಿಲ್‌ನಲ್ಲಿ ರಾಜ್ಯೋತ್ಸವ ಮಾಡುತ್ತಿದ್ದೆವು. ಒಂದು ವರ್ಷ ಹಾರ್ಮೋನಿಯಂನವರು ಊರಿಗೆ ಹೋಗಿಬಿಟ್ಟರು. ನಾನು ಬೇಸ್ ಗಿಟಾರಿನವರನ್ನು ಕರೆಯೋಣವೆಂದೆ. "ದಾಸರ ಪದಕ್ಕ ಗಿಟಾರೇನ್ರಿ?" ಎಂದು ಸಮಿತಿ ಹೌಹಾರಿತು. ಬೇರೆ ಯಾರೂ ಸಿಗದ್ದರಿಂದ ಸಂಸ್ಕೃತಿಯ ಬಗೆಗಿನ ಆತಂಕ ಬೇಗನೆ ಶಮನವಾಯಿತು.

ಅಂದು ಸಂಜೆ ಹಾಡಿದವರು ಒಬ್ಬ ದೊಡ್ಡ ಅಧಿಕಾರಿಯ ಪತ್ನಿ. ಅವರನ್ನು ಹಾಡಬೇಡಿ ಎನ್ನುವ ಧೈರ್ಯ ಗೋವಾದಲ್ಲಿ ಯಾವ ಕನ್ನಡಿಗನಿಗೂ ಇರಲಿಲ್ಲ. ಅವರು ಒಂದು ಶ್ರುತಿಯಲ್ಲಿ ಹೊರಟು ದಾರಿಯಲ್ಲಿ ಸಿಕ್ಕ ಎಲ್ಲ ಶ್ರುತಿಗಳನ್ನೂ ಮಾತಾಡಿಸಿಕೊಂಡು ಹೋಗುತ್ತಿದ್ದರು. ತಬಲಾದವನು ಕಣ್ಣು ಮುಚ್ಚಿಕೊಂಡ. ನಮ್ಮ ಬೇಸ್ ಗಿಟಾರಿನವರು ಮಾತ್ರ ಕುರ್ಚಿಯ ತುದಿಗೆ ಬಂದು, ಆಕೆಯ ಬಾಯಿಯನ್ನೇ ನೋಡುತ್ತ, ಆಕೆ ಹೋದಲ್ಲೆಲ್ಲ ಹೋದರು. ಆಕೆ ಜಾರಿದ ಕಡೆ ಮೊದಲೇ ಹೋಗಿ ನಿಂತು ಹಿಡಿದುಕೊಂಡರು. ಪದ ಮುಗಿದಾಗ ಅದು ಹಾಗೆಯೇ ಇರಬೇಕಿತ್ತು ಎನ್ನುವಂತೆ ಕೇಳಿಸಿತು. ಜನ ಎದ್ದು ನಿಂತು ಆಕೆಗೆ ಚಪ್ಪಾಳೆ ತಟ್ಟಿದರು.

ಊಟದ ಪಂಕ್ತಿಯಲ್ಲಿ ಆಕೆ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ, "ಆ ಹಿಂದ ಕೂತಾವ್ರು ಸ್ವಲ್ಪ ಶ್ರುತಿ ಬಿಡತಿದ್ರು, ಅಲ್ರಿ?" ಎಂದರು.

ಇದನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಬೇಸ್ ಗಿಟಾರಿನವರಿಗೆ ಹೇಳಿ, ಇಂಥ ಕಡೆ ಕರೆಸಿದ್ದಕ್ಕೆ ಕ್ಷಮೆ ಕೇಳಿದೆ. ಅವರು ನಕ್ಕರು.

"ಈಕಿ ಮುಂದಿನ ವರ್ಷನೂ ಹಾಡ್ತಾರೇನ್ರಿ? ಹಾಡೂದಾದ್ರ ನನ್ನ ಕರೀರಿ. ನಮ್ಮ ಬ್ಯಾಂಡಿನಾಗ ಮುಂದ ಏನ್ ಬರತೈತಿ ಅಂತ ಮದಲ ಗೊತ್ತಿರತೈತಿ. ಕುಂತಲ್ಲೇ ನಿದ್ದಿ ಬರತೈತಿ ನನಗ. ಇವತ್ತ ಬರಲಿಲ್ಲ ನೋಡ್ರಿ."

ಅಲ್ಲಿಂದ ಪ್ರತಿವರ್ಷ ಬಂದರು. ರೊಟ್ಟಿ, ಎಣ್ಣೆಗಾಯಿ ಕೇಳಿ ಹಾಕಿಸಿಕೊಂಡು ತಿಂದರು. ಕೆಲವು ವರ್ಷಗಳಲ್ಲಿ ಆ ಅಧಿಕಾರಿಗೆ ವರ್ಗವಾಗಿ, ಆಕೆಯ ಜಾಗಕ್ಕೆ ಸಂಗೀತ ಕಲಿತ ಒಬ್ಬ ಶಿಕ್ಷಕಿ ಬಂದರು. ನಾನು ಎಂದಿನಂತೆ ಬೇಸ್ ಗಿಟಾರಿನವರ ಮನೆಗೆ ಫೋನು ಮಾಡಿದೆ. ಅವರು ಮೊದಲು ಕೇಳಿದ್ದೇ ಹೊಸಬರು ಹೇಗೆ ಹಾಡುತ್ತಾರೆಂದು.

"ಭಾಳ ಚಲೋ ಹಾಡ್ತಾರ್ರಿ" ಎಂದೆ ಉತ್ಸಾಹದಿಂದ. "ಶ್ರುತಿ ಒಂಚೂರೂ ಅಲಗೂದಿಲ್ಲ."

"ಹಂಗಾದ್ರ ಬ್ಯಾಡ ಬಿಡ್ರಿ" ಎಂದರು. "ನಂದೇನ್ ಕೆಲಸ ಅಲ್ಲಿ?"